ಮೊಣಗಂಟು ಬದಲಾವಣೆಗೆ ತಕ್ಕ ವಯಸ್ಸು ಮತ್ತು ಬಾರ್ಕೂರಿನ ನಾಗು ಅವರ ಮಣೆ

ಕ್ರಮಾಂಕ: ಮೊ.ವ.ನಿ./ಎಡ ಮತ್ತು ಬಲ/ಸು-9

ದಿನಾಂಕ: ಸಹಿಯ ಕೆಳಗೆ ಇರುವಂತೆ (ಸಹಿಯ ಕೆಳಗೆ ಮರೆತಿದ್ದರೆ, ತಲುಪಿದ ದಿನ)

ಕಚೇರಿ: ಎರಡನೇ ಮಹಡಿ, ಬಸ್ ನಿಲ್ದಾಣದ ಎದುರು, ಕುಂದಾಪುರ. (ಲಿಫ್ಟ್ ಮಂಜೂರಾಗಿದೆ. ಲಿಫ್ಟಿಗಾಗಿ ಗುಂಡಿ ತೆಗೆಯಲಾಗಿದೆ. ಗುಂಡಿಗೆ ಯಾರೂ ಬೀಳದಂತೆ ಬೇಲಿ ಹಾಕಲಾಗಿದೆ.)

ವಿಷಯ: ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲೂಕುಗಳ ಉಚಿತ ಮೊಣಗಂಟು ಬದಲಾವಣೆ ಶಸ್ತ್ರಚಿಕಿತ್ಸಾ ಯೋಜನೆಗೆ ಅರ್ಜಿದಾರರ ವಯಸ್ಸನ್ನು ನಿಗದಿಪಡಿಸುವುದು, ಆ ವಯಸ್ಸು ಮೀರಿಯೂ ನಡೆದಾಡಲು ಬಯಸುವವರನ್ನು ನಿಯಂತ್ರಿಸುವುದು, ಮತ್ತು ಬಸ್ಸಿನ ಬಾಗಿಲ ಬಳಿ ಅನಧಿಕೃತವಾಗಿ ಇಡಲಾಗುತ್ತಿರುವ ಒಂದು ಮಣೆಯ ಬಗ್ಗೆ.

ಉಲ್ಲೇಖ:
(1) ಇದೇ ಕಚೇರಿಯ ಹಿಂದಿನ ಸುತ್ತೋಲೆ. (ಮಳೆಗಾಲದಲ್ಲಿ ಚಾವಣಿ ಸೋರಿ ಅಕ್ಷರಗಳು ಅಳಿಸಿಹೋಗಿವೆ. ಆದರೂ ಜಾರಿಯಲ್ಲಿದೆ.)
(2) ಬಾರ್ಕೂರಿನ ಶ್ರೀಮತಿ ನಾಗು, ವಯಸ್ಸು ಎಪ್ಪತ್ತಾರು, ಇವರ ಅರ್ಜಿ.
(3) ಸದರಿಯವರ ಮಗ ಶ್ರೀ ಸೂರ, ಯಕ್ಷಗಾನ ಕಲಾವಿದ, ಇವರ ಅರ್ಜಿ. ವಯಸ್ಸು ಮುಂದೆ ವಿವರಿಸಿದಂತೆ.
(4) ಕಿಟಕಿಯ ಮೂಲಕ ನಡೆದ ವಿಚಾರಣೆ.

ಪೀಠಿಕೆ

ಮನುಷ್ಯರಿಗೆ ತಲಾ ಎರಡು ಮೊಣಗಂಟುಗಳಿರುವುದು ಈ ಇಲಾಖೆಯ ಗಮನದಲ್ಲಿದೆ. ನಾಟಿ ಮಾಡುವುದು, ಬಾವಿಯಿಂದ ನೀರು ಸೇದುವುದು, ಅಂಗಳ ಗುಡಿಸುವುದು, ಮೆಟ್ಟುಕತ್ತಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಊರಿಗೆಲ್ಲ ಆಗುವಷ್ಟು ತರಕಾರಿ ಹೆಚ್ಚುವುದು ಮುಂತಾದ ಖಾಸಗಿ ಕೆಲಸಗಳಿಂದ ಅವು ಸವೆಯುತ್ತವೆ. ಸವೆದವರಿಗೆ ಸರಕಾರಿ ವೆಚ್ಚದಲ್ಲಿ ಹೊಸ ಕೀಲು ಜೋಡಿಸುವ ಯೋಜನೆಯೊಂದು ಈ ಮೂರು ತಾಲೂಕುಗಳಿಗೆ ಬಂದಿದ್ದು, ಅದನ್ನು ಯಾರೂ ದುರುಪಯೋಗಪಡಿಸಿಕೊಳ್ಳದಂತೆ, ಅಂದರೆ ಉಪಯೋಗಿಸಿಕೊಳ್ಳದಂತೆ, ನೋಡಿಕೊಳ್ಳುವುದು ಈ ಕಚೇರಿಯ ಹೊಣೆಯಾಗಿದೆ. ಸಾರ್ವಜನಿಕರು ವಯಸ್ಸನ್ನು ಲೆಕ್ಕಿಸದೆ ನೋವು ಅನುಭವಿಸುತ್ತಿರುವುದು ಕಂಡುಬಂದಿರುವುದರಿಂದ, ಕೆಳಗಿನ ನಿಯಮಗಳನ್ನು ಎಲ್ಲರ ತಿಳಿವಳಿಕೆಗಾಗಿ ಹೊರಡಿಸಲಾಗಿದೆ.

1. ತಕ್ಕ ವಯಸ್ಸು. ಅರವತ್ತು ತುಂಬಿದ ಮತ್ತು ಅರವತ್ತೆರಡು ತುಂಬದ ಮೊಣಗಂಟುಗಳನ್ನು ಮಾತ್ರ ಬದಲಾಯಿಸತಕ್ಕದ್ದು. ಅರವತ್ತಕ್ಕಿಂತ ಕೆಳಗಿನವರಿಗೆ ಕೀಲು ಹಾಕಿದರೆ ಅವರು ಅದನ್ನು ಬಳಸಿ ಸವೆಸುವ ಅಪಾಯವಿದೆ. ಅರವತ್ತೆರಡು ದಾಟಿದವರಿಗೆ ಹಾಕಿದರೆ ಅದು ಸವೆಯುವ ಮೊದಲೇ ಅವರು ಸವೆದುಹೋಗುವ ಅಪಾಯವಿದೆ. ಎರಡೂ ಸಂದರ್ಭಗಳಲ್ಲಿ ಲೋಹಕ್ಕೆ ಅನ್ಯಾಯವಾಗುತ್ತದೆ.

2. ಅರವತ್ತು ತುಂಬದವರನ್ನು ‘ಇನ್ನೂ ಚಿಕ್ಕವರು’ ಎಂದು ವರ್ಗೀಕರಿಸಲಾಗಿದೆ. ಇವರ ನೋವನ್ನು ಅಭ್ಯಾಸವಿಲ್ಲದ ನೋವು ಎಂದು ನಮೂದಿಸತಕ್ಕದ್ದು. ಅರವತ್ತೆರಡು ದಾಟಿದವರನ್ನು ‘ಇನ್ನೆಂತಕ್ಕೆ’ ಎಂದು ವರ್ಗೀಕರಿಸಲಾಗಿದೆ. ಇದು ಅರ್ಜಿದಾರರ ನೆಂಟರು ಸಾಮಾನ್ಯವಾಗಿ ಬಳಸುವ ಪದವಾಗಿದ್ದು, ಇಲಾಖೆ ಅದನ್ನು ಗೌರವಪೂರ್ವಕ ಸ್ವೀಕರಿಸಿದೆ. ಇವರ ನೋವು ವಯೋಸಹಜ. ಸಹಜವಾದದ್ದು ನೋಯುವುದಿಲ್ಲ ಎಂಬುದು ಕಚೇರಿಯ ದೃಢವಾದ ಅಭಿಪ್ರಾಯ.

3. ಅರವತ್ತು ಮತ್ತು ಅರವತ್ತೆರಡರ ನಡುವೆ ಇರುವವರ ಅರ್ಜಿಗಳನ್ನು ಎರಡು ವರ್ಷ ಪರಿಶೀಲನೆಯಲ್ಲಿ ಇಡತಕ್ಕದ್ದು.

4. ಅರ್ಜಿಯನ್ನು ಖುದ್ದಾಗಿ ಎರಡನೇ ಮಹಡಿಗೆ ಬಂದು ಸಲ್ಲಿಸಬೇಕು. ಮೆಟ್ಟಿಲು ಹತ್ತಿ ಬಂದವರಿಗೆ ಶಸ್ತ್ರಚಿಕಿತ್ಸೆಯ ಅಗತ್ಯವಿಲ್ಲವೆಂದು ತಿಳಿಯತಕ್ಕದ್ದು. ಹತ್ತಲಾಗದವರು ಅರ್ಜಿ ಸಲ್ಲಿಸಿಲ್ಲವೆಂದು ತಿಳಿಯತಕ್ಕದ್ದು. ಈ ಕ್ರಮದಿಂದ ಬಾಕಿ ಕಡತಗಳ ಸಂಖ್ಯೆ ಗಣನೀಯವಾಗಿ ಇಳಿದಿದ್ದು, ಕಚೇರಿಗೆ ಪ್ರಶಂಸಾಪತ್ರ ಬಂದಿರುತ್ತದೆ.

ಸಿಬ್ಬಂದಿ ಶರ್ಮಿಳಾ ಅವರು ಮೇಲಿನ ನಿಯಮವನ್ನು ಕಡೆಗಣಿಸಿ, ಊಟದ ಬಿಡುವಿನಲ್ಲಿ ಕೆಳಗಿಳಿದು, ಶೇಂಗಾ ಮಾರುವವರ ಪಕ್ಕದ ಕಟ್ಟೆಯ ಮೇಲೆ ಕೂತು, ಹತ್ತಲಾಗದವರ ಅರ್ಜಿಗಳನ್ನು ಸ್ವೀಕರಿಸಿರುತ್ತಾರೆ. ನಾಗು ಅವರ ಅರ್ಜಿ ಹೀಗೆಯೇ ಕಚೇರಿಯ ಒಳಕ್ಕೆ ಬಂದದ್ದು. ಅಲ್ಲದೆ ತಮ್ಮ ಬಾಟಲಿಯ ನೀರನ್ನು ಅರ್ಜಿದಾರರಿಗೆ ಕುಡಿಯಲು ನೀಡಿದ್ದು, ಕೇಳಿದಾಗ, “ಬಿಸಿಲಿತ್ತ್ ಸರ್, ಪಾಪ, ಬಾಯಿ ಒಣ್ಗಿತ್ತ್” ಎಂದು ಹೇಳಿಕೆ ನೀಡಿರುತ್ತಾರೆ. ಬಾಯಿ ಒಣಗುವುದು ಮೊಣಗಂಟಿನ ವ್ಯಾಪ್ತಿಗೆ ಬರುವುದಿಲ್ಲ ಎಂದು ಅವರಿಗೆ ಎಚ್ಚರಿಕೆ ನೀಡಲಾಗಿದೆ.

5. ವೈದ್ಯಕೀಯ ಅಭಿಪ್ರಾಯದ ಬಗ್ಗೆ. ಯೋಜನೆಯ ಮೂಳೆತಜ್ಞೆ ಡಾ. ವಿಜೇತಾ ಅವರು ತಮ್ಮ ವರದಿಯಲ್ಲಿ, ಬರೀ ವಯಸ್ಸು ನೋಡಿ ಯಾರನ್ನೂ ಒಳಗೆ ಹಾಕುವುದಾಗಲಿ ಹೊರಗೆ ಕಳಿಸುವುದಾಗಲಿ ಸರಿಯಲ್ಲ ಎಂದು ಬರೆದಿರುತ್ತಾರೆ. ಹೃದಯ, ರಕ್ತದೊತ್ತಡ, ಸಕ್ಕರೆ, ಮೂಳೆಯ ಗಟ್ಟಿತನ, ದೇಹದಲ್ಲಿ ಎಲ್ಲಾದರೂ ಸೋಂಕಿದೆಯೇ, ತೊಡೆಯ ಸ್ನಾಯುವಿಗೆ ಶಕ್ತಿಯಿದೆಯೇ, ಆಪರೇಷನ್ ಆದಮೇಲೆ ನೋವು ಸಹಿಸಿಕೊಂಡು ವ್ಯಾಯಾಮ ಮಾಡುವ ಮನಸ್ಸಿದೆಯೇ, ಮನೆಯಲ್ಲಿ ನೋಡಿಕೊಳ್ಳುವವರಿದ್ದಾರೆಯೇ ಎಂಬುದನ್ನು ಒಬ್ಬೊಬ್ಬರಲ್ಲೂ ಬೇರೆಬೇರೆಯಾಗಿ ನೋಡಬೇಕಂತೆ. ಚಿಕ್ಕವರಿಗೆ ಹಾಕಿದ ಕೀಲು ಮುಂದೊಂದು ದಿನ ಸವೆದು ಮತ್ತೊಮ್ಮೆ ಆಪರೇಷನ್ ಬೇಕಾಗಬಹುದು, ವಯಸ್ಸಾದವರಿಗೆ ಬೇರೆ ಕಾಯಿಲೆಗಳು ತೊಡಕಾಗಬಹುದು, ಆದರೆ ಎಂಬತ್ತರಲ್ಲೂ ಚೆನ್ನಾಗಿ ನಡೆದುಹೋದವರಿದ್ದಾರೆ ಎಂದೂ ಅವರು ಸೇರಿಸಿರುತ್ತಾರೆ.

ಈ ವರದಿಯನ್ನು ಕಚೇರಿ ವಿಷಾದದಿಂದ ಓದಿದೆ. ಒಬ್ಬೊಬ್ಬರನ್ನೇ ಕರೆದು ನೋಡಿ ನಿರ್ಧರಿಸುವುದಾದರೆ ಸುತ್ತೋಲೆಗಳ ಗತಿ ಏನು? ವೈದ್ಯರು ರೋಗಿಯ ಮುಖ ನೋಡುವ ಹಳೆಯ ಅಭ್ಯಾಸವನ್ನು ಬಿಡಬೇಕೆಂದು ಸೂಚಿಸಲಾಯಿತು. ಅದಕ್ಕೆ ಸದರಿ ವೈದ್ಯರು, ಕಡತವನ್ನು ಮೇಜಿನ ಮೇಲೆ ಇಟ್ಟು, “ಸರ್, ನಾಗಮ್ಮನ ಹೃದಯ ಕಂಡಿದೆ. ಗಟ್ಟಿ ಇತ್ತ್. ಸಕ್ರೆ ಇಲ್ಲೆ. ಕಾಲ್ ಮಾತ್ರ ಹಾಳಾದ್ದ್. ನಿಮ್ಮ ಹೃದಯವೂ ಒಂದ್ಸಲ ಕಾಂಬ, ಬನ್ನಿ” ಎಂದಿರುತ್ತಾರೆ. ಕಚೇರಿಯ ಹೃದಯ ನೋಡಲು ಮೇಲಧಿಕಾರಿಗಳ ಅನುಮತಿ ಬೇಕಾಗುತ್ತದೆ.

6. ಮೊಣಗಂಟಿನ ಉದ್ದೇಶ. ಹೊಸ ಕೀಲನ್ನು ಈ ಕೆಳಗಿನ ಕೆಲಸಗಳಿಗೆ ಮಾತ್ರ ಬಳಸತಕ್ಕದ್ದು:
(ಅ) ಮತ ಹಾಕಲು ಹೋಗುವುದು.
(ಆ) ತಾವು ಬದುಕಿರುವುದನ್ನು ವರ್ಷಕ್ಕೊಮ್ಮೆ ಕಚೇರಿಗೆ ಬಂದು ಸಾಬೀತುಪಡಿಸುವುದು.
(ಇ) ಅಧಿಕಾರಿಗಳು ಬಂದಾಗ ಎದ್ದು ನಿಲ್ಲುವುದು.
(ಈ) ಅಧಿಕಾರಿಗಳು ಹೋಗುವವರೆಗೆ ನಿಂತಿರುವುದು.

ನಾಗು ಅವರ ಅರ್ಜಿಯಲ್ಲಿ ಉದ್ದೇಶದ ಜಾಗದಲ್ಲಿ “ಅಕ್ಕನ ತಲೆ ಬಾಚಲು” ಎಂದಿದೆ. ವಿಚಾರಿಸಲಾಗಿ, ಉಪ್ಪುಂದದಲ್ಲಿರುವ ಇವರ ಅಕ್ಕ ಶ್ರೀಮತಿ ಪದ್ದು ಅವರಿಗೆ ಭುಜ ಹಿಡಿದುಕೊಂಡು ಕೈ ಮೇಲೇಳುವುದಿಲ್ಲ. ನಾಗು ಅವರು ಪ್ರತಿ ಶುಕ್ರವಾರ ಬಾರ್ಕೂರಿನಿಂದ ಬಸ್ಸಿನಲ್ಲಿ ಹೊರಟು, ಕುಂದಾಪುರದಲ್ಲಿ ಬಸ್ಸು ಬದಲಿಸಿ, ಉಪ್ಪುಂದಕ್ಕೆ ಹೋಗಿ, ಅಕ್ಕನ ತಲೆಗೆ ಎಣ್ಣೆ ಹಚ್ಚಿ, ಬಾಚಿ, ತುರುಬು ಕಟ್ಟಿ ಬರುತ್ತಿದ್ದರು. ಮೊಣಗಂಟು ಕೈಕೊಟ್ಟ ಮೇಲೆ ಈ ಪ್ರಯಾಣ ಶುಕ್ರವಾರದಿಂದ ತಿಂಗಳಿಗೊಮ್ಮೆಗೆ ಇಳಿದು, ಈಗ ನಿಂತಿದೆ.

ಪದ್ದು ಅವರ ಮನೆಯಲ್ಲಿ ಸೊಸೆ ಸ್ವಾತಿ ಇರುತ್ತಾರೆ. ಅವರಿಗೆ ಎರಡೂ ಕೈ ಮೇಲೇಳುತ್ತವೆ. ಹೀಗಿರುವಾಗ ತಲೆ ಬಾಚಲು ಇನ್ನೊಂದು ತಾಲೂಕಿನಿಂದ ಜನ ತರಿಸುವ ಅಗತ್ಯವೇನೆಂದು ಕ್ಷೇತ್ರ ಸಿಬ್ಬಂದಿಯಿಂದ ಸ್ವಾತಿ ಅವರನ್ನು ಪ್ರಶ್ನಿಸಲಾಗಿ, “ನಾನ್ ದಿನಾ ಬಾಚ್ತೆ. ಆರೆ ಚಿಕ್ಕಮ್ಮ ಬಪ್ಪ ದಿನ ಬೇಕಂದೇ ಬಿಡ್ತಿದ್ದೆ. ಅವ್ರಿಬ್ರೂ ಮಾತಾಡುಕೆ ಎಂತಾರೂ ನೆವ ಬ್ಯಾಡ್ದಾ?” ಎಂಬ ಉತ್ತರ ಬಂದಿರುತ್ತದೆ. ಇದರಿಂದ, ಒಂದು ಕುಟುಂಬ ಉದ್ದೇಶಪೂರ್ವಕವಾಗಿ ತಲೆ ಬಾಚದೆ ಬಾಕಿ ಇಟ್ಟುಕೊಳ್ಳುತ್ತಿದ್ದದ್ದು ಸಾಬೀತಾಗಿದೆ. ಬಾಕಿ ಇಡುವ ಅಧಿಕಾರ ಕಚೇರಿಗಳಿಗೆ ಮಾತ್ರ ಇರುತ್ತದೆ.

7. ಮಣೆಯ ಬಗ್ಗೆ. ಬಾರ್ಕೂರು ಮಾರ್ಗದ ಖಾಸಗಿ ಬಸ್ಸಿನ ಕಂಡಕ್ಟರ್ ರತನ್ ಎಂಬವರು ಚಾಲಕರ ಸೀಟಿನ ಕೆಳಗೆ ಹಲಸಿನ ಮರದ ಒಂದು ಮಣೆಯನ್ನು ಬಚ್ಚಿಟ್ಟುಕೊಂಡಿದ್ದು, ನಾಗು ಅವರು ನಿಂತಿರುವ ನಿಲ್ದಾಣದಲ್ಲಿ ಅದನ್ನು ಬಸ್ಸಿನ ಮೊದಲ ಮೆಟ್ಟಿಲಿನ ಕೆಳಗೆ ಇಟ್ಟು ಅವರನ್ನು ಹತ್ತಿಸಿರುತ್ತಾರೆ. ಅವರು ಹತ್ತಿ ಸೀಟಿನಲ್ಲಿ ಕೂತು ಸೆರಗು ಸರಿಮಾಡಿಕೊಳ್ಳುವವರೆಗೆ ಬಸ್ಸು ಹೊರಡಿಸುವ “ರೈಟ್ ಪೋಯಿ” ಹೇಳಿರುವುದಿಲ್ಲ. ಈ ಅವಧಿಯಲ್ಲಿ ಬಸ್ಸಿನಲ್ಲಿದ್ದವರೆಲ್ಲ, ಹತ್ತುವವರಿಗೆ ಸಂಕೋಚವಾಗದಿರಲೆಂದು, ಒಟ್ಟಾಗಿ ಎದುರು ಬದಿಯ ಕಿಟಕಿಯ ಕಡೆ ನೋಡಿರುತ್ತಾರೆ. ಆ ಬದಿಯಲ್ಲಿ ನೋಡುವಂಥದ್ದು ಏನೂ ಇಲ್ಲವೆಂದು ಸ್ಥಳ ಪರಿಶೀಲನೆಯಿಂದ ದೃಢಪಟ್ಟಿದೆ.

ಕೇಳಲಾಗಿ, ರತನ್ ಅವರು, “ಬಸ್ಸಿನ್ ಮೆಟ್ಲ್ ಮಾಡ್ದೋರಿಗೆ ಅಜ್ಜಿ ಇರ್ಲಿಲ್ಲೆ ಕಾಣತ್ತ್ ಸರ್” ಎಂದಿರುತ್ತಾರೆ. ಮಣೆಯಿಂದಾಗಿ ಅನರ್ಹ ವಯಸ್ಸಿನವರು ಅರ್ಹರಂತೆ ಪ್ರಯಾಣಿಸಿರುವುದರಿಂದ ಮಣೆಯನ್ನು ವಶಪಡಿಸಿಕೊಂಡು ಕಚೇರಿಯಲ್ಲಿ ಇಡಲಾಗಿದೆ. ನಾಗು ಅವರ ಶುಕ್ರವಾರಗಳು ಪೂರ್ತಿಯಾಗಿ ನಿಂತದ್ದು ಆ ದಿನದಿಂದ ಎಂದು ತಿಳಿದುಬಂದಿದೆ. ನಿಯಮ ಪಾಲನೆಯ ಮಟ್ಟಿಗೆ ಇದನ್ನು ಪ್ರಗತಿ ಎಂದು ಪರಿಗಣಿಸಲಾಗಿದೆ.

8. ಶ್ರೀ ಸೂರ ಅವರ ವಯಸ್ಸಿನ ಬಗ್ಗೆ. ನಾಗು ಅವರ ಮಗ ಸೂರ ಅವರು ಮೇಳದಲ್ಲಿ ಎಳೆಯ ರಾಜಕುಮಾರರ ವೇಷ ಮಾಡುವವರು. ರಂಗಸ್ಥಳದಲ್ಲಿ ಮೊಣಕಾಲೂರಿ ಬುಗುರಿಯಂತೆ ಗಿರಗಿರನೆ ತಿರುಗುವ ಕುಣಿತದಲ್ಲಿ ಹೆಸರು ಮಾಡಿದವರು. ಸಹಜವಾಗಿಯೇ ಇವರ ಮೊಣಗಂಟುಗಳೂ ನೋಯತೊಡಗಿ, ತಾಯಿಯ ಜೊತೆ ಇವರೂ ಅರ್ಜಿ ಹಾಕಿರುತ್ತಾರೆ.

ಇವರ ವಯಸ್ಸನ್ನು ಸ್ಥಳದಲ್ಲೇ ಪರಿಶೀಲಿಸುವ ಸಲುವಾಗಿ ಈ ಸಹಿ ಮಾಡಿದ ಅಧಿಕಾರಿಯು, ಮುಖ್ಯ ಅತಿಥಿಯಾಗಿ ಆಹ್ವಾನವಿದ್ದ ಒಂದು ಯಕ್ಷಗಾನ ಆಟಕ್ಕೆ ಹೋಗಿ, ಮುಂದಿನ ಸಾಲಿನ ಸೋಫಾದಲ್ಲಿ ಕೂತು, ತಪಾಸಣೆ ನಡೆಸಿರುತ್ತಾರೆ. ಸೂರ ಅವರು ರಂಗಸ್ಥಳದ ಮೇಲೆ, ಚೆಂಡೆಯವರ ಮತ್ತು ಸುಮಾರು ಎಂಟುನೂರು ಸಾರ್ವಜನಿಕರ ಸಮಕ್ಷಮ, ತಮಗೆ ಹದಿನಾರು ವರ್ಷವೆಂದೂ, ಹದಿನಾರರ ಹುಡುಗನೆಂದು ತಮ್ಮನ್ನು ಹಗುರವಾಗಿ ಕಾಣಬಾರದೆಂದೂ ಸ್ಪಷ್ಟವಾಗಿ, ಎರಡು ಬಾರಿ, ಗಟ್ಟಿ ದನಿಯಲ್ಲಿ ಹೇಳಿಕೆ ನೀಡಿರುತ್ತಾರೆ. ಯಾರ ಒತ್ತಡವೂ ಇಲ್ಲದೆ ಇಷ್ಟು ಜನರ ಮುಂದೆ ಕೊಟ್ಟ ಹೇಳಿಕೆಯನ್ನು ನಂಬದಿರಲು ಕಾರಣವಿಲ್ಲದ ಪ್ರಯುಕ್ತ, ವಯಸ್ಸು ಹದಿನಾರು ಎಂದು ನಮೂದಿಸಿ, ‘ಇನ್ನೂ ಚಿಕ್ಕವರು’ ಎಂಬ ವರ್ಗದಲ್ಲಿ ಅರ್ಜಿ ತಿರಸ್ಕರಿಸಲಾಗಿದೆ.

ಮರುದಿನ ಸೂರ ಅವರು ವೇಷ ಕಳಚಿ, ಅರ್ಧ ನರೆತ ಮೀಸೆಯೊಂದಿಗೆ ಕಚೇರಿಗೆ ಬಂದು, “ಅದ್ ವೇಷದ ವಯಸ್ಸ್ ಸಾಹೇಬ್ರೆ, ನಂಗೆ ಐವತ್ತೆರಡ್. ಮೊನ್ನೆ ನಾನ್ ಹೋದ್ದ್ ಮಗಳಿಗ್ ಗಂಡ್ ಕಾಂಬುಕೆ, ನಂಗೆ ಹೆಣ್ ಕಾಂಬುಕಲ್ಲ” ಎಂದು ಮನವಿ ಮಾಡಿಕೊಂಡರು. ಈ ಹೇಳಿಕೆಗೆ ಎಂಟುನೂರು ಸಾಕ್ಷಿಗಳಿಲ್ಲದ ಕಾರಣ ಪರಿಗಣಿಸಲಾಗಿಲ್ಲ. ಕಚೇರಿ ಒಮ್ಮೆ ಬರೆದ ವಯಸ್ಸನ್ನು ತಿದ್ದುವ ಅವಕಾಶವಿರುವುದಿಲ್ಲ. ಇವರ ಮಗಳು ಇವರಿಗಿಂತ ಹಿರಿಯಳಾಗಿರುವುದು ಕಚೇರಿಯ ಗಮನಕ್ಕೆ ಬಂದಿದ್ದು, ಅದು ಬೇರೆ ಇಲಾಖೆಯ ವಿಷಯವಾಗಿದೆ. ಹದಿನಾರಕ್ಕೇ ಮದುವೆ ಹೇಗಾಯಿತೆಂದು ವಿವರಣೆ ಕೇಳಿ ಇವರಿಗೆ ನೋಟಿಸು ಕಳಿಸಲಾಗಿದೆ.

(ಟಿಪ್ಪಣಿ: ಡಾ. ವಿಜೇತಾ ಅವರೂ ಸೂರ ಅವರಿಗೆ ಸದ್ಯ ಆಪರೇಷನ್ ಬೇಡವೆಂದು ಹೇಳಿರುತ್ತಾರೆ. ಆದರೆ ಅವರ ಕಾರಣ ಬೇರೆ. ಕೀಲು ಇನ್ನೂ ಪೂರ್ತಿ ಹೋಗಿಲ್ಲ, ವ್ಯಾಯಾಮ ಮತ್ತು ಔಷಧಿಯಲ್ಲಿ ಕೆಲವು ವರ್ಷ ತಳ್ಳಬಹುದು, ಹೊಸ ಕೀಲು ಹಾಕಿಸಿಕೊಂಡು ಅದರ ಮೇಲೂ ಗಿರಗಿರ ತಿರುಗಿದರೆ ಅದು ಬಾಳುವುದಿಲ್ಲ ಎಂಬುದು ಅವರ ಅಭಿಪ್ರಾಯ. ಅವರು ಸೂರ ಅವರ ಕಾಲನ್ನು ಮುಟ್ಟಿ ನೋಡಿ ಈ ತೀರ್ಮಾನಕ್ಕೆ ಬಂದಿದ್ದು, ಕಚೇರಿ ಮುಟ್ಟದೆಯೇ ಬಂದಿದೆ. ಯಾವುದು ಹೆಚ್ಚು ದಕ್ಷ ಎಂಬುದನ್ನು ಸಾರ್ವಜನಿಕರೇ ನಿರ್ಧರಿಸಲಿ.)

9. ಕಿಟಕಿಯ ವಿಚಾರಣೆ. ನಾಗು ಅವರ ಅರ್ಜಿಯನ್ನು ‘ಇನ್ನೆಂತಕ್ಕೆ’ ವರ್ಗದಲ್ಲಿ ತಿರಸ್ಕರಿಸುವ ಮುನ್ನ, ಸಹಜ ನ್ಯಾಯದ ದೃಷ್ಟಿಯಿಂದ ಅವರ ಅಹವಾಲು ಕೇಳಬೇಕಾಗಿತ್ತು. ಅವರು ಮೇಲೆ ಬರುವ ಸ್ಥಿತಿಯಲ್ಲಿರಲಿಲ್ಲ. ಅಧಿಕಾರಿಯು ಕೆಳಗೆ ಬರುವ ಸ್ಥಿತಿಯಲ್ಲಿರಲಿಲ್ಲ. (ಇದರ ಕಾರಣ ಗೋಪ್ಯ. ನೋಡಿ: ನಿಯಮ 12.) ಆದ್ದರಿಂದ ಅಧಿಕಾರಿಯು ಎರಡನೇ ಮಹಡಿಯ ಕಿಟಕಿಯಲ್ಲೂ, ರಿಕ್ಷಾದಲ್ಲಿ ಬಂದ ಅರ್ಜಿದಾರರು ಕೆಳಗೆ ಶೇಂಗಾ ಮಾರುವವರ ಕಟ್ಟೆಯ ಮೇಲೂ ಇದ್ದು, ವಿಚಾರಣೆ ನಡೆಸಲಾಯಿತು. ಕಚೇರಿಯ ಗೌಪ್ಯತೆಗೆ ಇದರಿಂದ ಯಾವ ಧಕ್ಕೆಯೂ ಆಗಿಲ್ಲ, ಬಸ್ ನಿಲ್ದಾಣದಲ್ಲಿದ್ದವರನ್ನು ಹೊರತುಪಡಿಸಿ.

ಮೇಲಿನಿಂದ, ವಯಸ್ಸೆಷ್ಟು ಎಂದು ಕೇಳಲಾಯಿತು.

ಕೆಳಗಿನಿಂದ: “ಎಪ್ಪತ್ತಾರ್. ನಾ ಸುಳ್ ಹೇಳ್ತಿಲ್ಲೆ. ಅರ್ಜಿಯಲ್ಲೂ ಬರ್ದಿದೆ.”

ಮೇಲಿನಿಂದ, ಈ ವಯಸ್ಸಿನಲ್ಲಿ ಇನ್ನೆಂತಕ್ಕೆ ಎಂಬ ನಿಯಮಾನುಸಾರ ಪ್ರಶ್ನೆಯನ್ನು ಕೇಳಲಾಯಿತು.

ಕೆಳಗಿನಿಂದ: “ಎಂತಕೆ ಅಂದ್ರೆ? ಅಕ್ಕ ಇನ್ನೂ ಇದ್ಳಲ್ದಾ. ಅವ್ಳ್ ಇಪ್ಪಷ್ಟ್ ದಿನ ನಂಗೆ ಹೋಯ್ಕಲ್ದಾ.”

ಮೇಲಿನಿಂದ, ಮನೆಯಲ್ಲೇ ಕೂತು ದೇವರ ಧ್ಯಾನ ಮಾಡಬಹುದೆಂದು ಸಲಹೆ ನೀಡಲಾಯಿತು.

ಕೆಳಗಿನಿಂದ: “ಕೂಕಂಡ್ ಮಾಡ್ತಿದ್ದೆ ಮಾರಾಯ್ರೆ. ಏಳುಕ್ ಆತಿಲ್ಲೆ ಅಂಬ್ದೇ ನನ್ನ ಅರ್ಜಿ.”

ಈ ಹಂತದಲ್ಲಿ ಬಸ್ ನಿಲ್ದಾಣದಿಂದ ನಗು ಕೇಳಿಬಂದಿದ್ದು, ಅದನ್ನು ಕಡತದಿಂದ ತೆಗೆಯಲಾಗಿದೆ. ಅರ್ಜಿದಾರರ ಕುಟುಂಬದ ವಿವರಗಳನ್ನು ಓದಿ ಹೇಳುವಾಗ, ಮಗ ಸೂರ, ವಯಸ್ಸು ಹದಿನಾರು ಎಂದು ಮೇಲಿನಿಂದ ಓದಲಾಯಿತು. ಅರ್ಜಿದಾರರು ಕೈಯನ್ನು ಹಣೆಗೆ ಅಡ್ಡ ಹಿಡಿದು ಮೇಲೆ ನೋಡಿ, ಹೀಗೆ ಹೇಳಿರುತ್ತಾರೆ:

“ಹ್ವಾಯ್ ಸಾಹೇಬ್ರೆ, ಕೇಂತಾ? ಮಗನಿಗೆ ಹದಿನಾರ್, ನಂಗೆ ಎಪ್ಪತ್ತಾರ್. ಹಾಂಗಾರೆ ನಾನ್ ಅವ್ನ್ ಹೆತ್ತದ್ದ್ ಅರವತ್ತರಲ್ಲಾ? ಹಾಂಗಿದ್ರೆ ನಂಗೆ ಹೊಸ ಮಂಡಿ ಬ್ಯಾಡ. ಪೇಪರಿನಲ್ಲಿ ಫೋಟೋ ಹಾಕ್ಸಿ, ಸಾಕ್.”

ಕಂಡಕ್ಟರ್ ರತನ್ ಅವರು ಹೊರಡಬೇಕಾದ ಬಸ್ಸನ್ನು ನಿಲ್ಲಿಸಿಕೊಂಡು, “ಅಮ್ಮ, ಬಾಣಂತಿಗೆ ಎರಡ್ ಸೀಟ್ ಬಿಡ್ತೆ, ಬನ್ನಿ” ಎಂದು ವಿಚಾರಣೆಯಲ್ಲಿ ಹಸ್ತಕ್ಷೇಪ ನಡೆಸಿರುತ್ತಾರೆ. ವಿಚಾರಣೆಯನ್ನು ಮುಂದೂಡಿ ಕಿಟಕಿ ಮುಚ್ಚಲಾಯಿತು.

10. ತೀರ್ಮಾನ. ಪ್ರಕರಣವನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ. ಅರವತ್ತರಲ್ಲಿ ಹೆರಿಗೆಯಾಗಿದೆ ಎಂದು ದೃಢೀಕರಿಸುವ ಅಧಿಕಾರ ಈ ಕಚೇರಿಗೆ ಇಲ್ಲ. ಮಗನ ವಯಸ್ಸನ್ನು ತಪ್ಪಾಗಿ ಬರೆಯಲಾಗಿದೆ ಎಂದು ಒಪ್ಪಿಕೊಳ್ಳುವ ಅಭ್ಯಾಸವೂ ಈ ಕಚೇರಿಗೆ ಇಲ್ಲ. ಈ ಎರಡರ ನಡುವೆ ಉಳಿದಿದ್ದು ಒಂದೇ ದಾರಿ: ತಾಯಿಯ ವಯಸ್ಸು ತಪ್ಪಾಗಿರಬೇಕು. ಹೆಂಗಸರು ಹೆಚ್ಚೆಂದರೆ ನಲವತ್ತೈದರವರೆಗೆ ಹೆರುತ್ತಾರೆಂದು ಇಟ್ಟುಕೊಂಡು, ಅದಕ್ಕೆ ಮಗನ ಹದಿನಾರನ್ನು ಕೂಡಿಸಲಾಗಿ, ಶ್ರೀಮತಿ ನಾಗು ಅವರ ವಯಸ್ಸು ಅರವತ್ತೊಂದು ಎಂದು ತೀರ್ಮಾನಿಸಲಾಗಿದೆ. ಅವರು ಎಪ್ಪತ್ತಾರು ಎಂದು ಪದೇ ಪದೇ ಹೇಳುತ್ತಿರುವುದು ವಯೋಸಹಜ ಮರೆವು ಎಂದು ಕ್ಷಮಿಸಲಾಗಿದೆ. ಅರವತ್ತೊಂದು ನಿಯಮ 1ರ ಅಡಿಯಲ್ಲಿ ಬರುವುದರಿಂದ ಶಸ್ತ್ರಚಿಕಿತ್ಸೆಗೆ ಮಂಜೂರಾತಿ ನೀಡಲಾಗಿದೆ. ಎರಡು ವರ್ಷ ಪರಿಶೀಲನೆಯಲ್ಲಿ ಇಡುವ ನಿಯಮ 3ನ್ನು, ಕಡತ ಕಚೇರಿಯಲ್ಲಿ ಉಳಿದಷ್ಟೂ ಬಸ್ ನಿಲ್ದಾಣದಲ್ಲಿ ನಗು ಮುಂದುವರಿಯುತ್ತಿದ್ದ ಕಾರಣ, ಸಡಿಲಿಸಲಾಗಿದೆ.

ಈ ಮಂಜೂರಾತಿ ಕೆಳಗಿನ ಷರತ್ತುಗಳಿಗೆ ಒಳಪಟ್ಟಿದೆ:
(ಅ) ಸದರಿಯವರು ಇನ್ನು ಮುಂದೆ ಅರವತ್ತೊಂದರವರಂತೆ ವರ್ತಿಸತಕ್ಕದ್ದು. ಹಳೆಯ ನೆರೆಹಾವಳಿಯ ನೆನಪು, ಸೇತುವೆ ಇಲ್ಲದ ಕಾಲದ ದೋಣಿಯ ನೆನಪು ಮುಂತಾದವನ್ನು ಸಾರ್ವಜನಿಕವಾಗಿ ಹೇಳಕೂಡದು.
(ಆ) ಅವರನ್ನು ಅಜ್ಜಿ ಎಂದು ಕರೆಯುವ ಮಕ್ಕಳ ಪೋಷಕರ ಮೇಲೆ ಕ್ರಮ ಜರುಗಿಸಲಾಗುವುದು.
(ಇ) ಅವರ ಅಕ್ಕ ಪದ್ದು ಅವರು ತಂಗಿಯ ಹೊಸ ವಯಸ್ಸಿಗೆ ಹೊಂದುವಂತೆ ತಮ್ಮ ವಯಸ್ಸನ್ನು ಹದಿನೈದು ವರ್ಷ ಇಳಿಸಿಕೊಂಡು ವರದಿ ಮಾಡತಕ್ಕದ್ದು.
(ಈ) ಮುಂದಿನ ವರ್ಷ ಅವರಿಗೆ ಅರವತ್ತೆರಡು ತುಂಬುವುದರಿಂದ, ಎರಡನೇ ಕಾಲು ನೋಯುವುದಿದ್ದರೆ ಅಷ್ಟರೊಳಗೆ ನೋಯತಕ್ಕದ್ದು.

11. ಶಸ್ತ್ರಚಿಕಿತ್ಸೆ ನಡೆದ ಬಗ್ಗೆ ವರದಿ. ಎರಡೂ ಮೊಣಗಂಟುಗಳನ್ನು, ನಡುವೆ ಕೆಲವು ತಿಂಗಳು ಬಿಟ್ಟು, ಡಾ. ವಿಜೇತಾ ಅವರು ಬದಲಾಯಿಸಿರುತ್ತಾರೆ. ಆಪರೇಷನ್ನಿನ ಮರುದಿನವೇ ಅರ್ಜಿದಾರರನ್ನು ವಾಕರ್ ಹಿಡಿಸಿ ನಿಲ್ಲಿಸಿರುವುದು ಕಚೇರಿಗೆ ಆಘಾತ ತಂದಿದೆ. ಯಾವುದೇ ಯೋಜನೆಯ ಫಲ ಮರುದಿನವೇ ಕಾಣಿಸಿಕೊಳ್ಳುವುದು ಒಳ್ಳೆಯ ಪದ್ಧತಿಯಲ್ಲ.

ಮನೆಯಲ್ಲಿ ಕಾಲು ಮಡಚುವ ವ್ಯಾಯಾಮ ಮಾಡುವಾಗ ಅರ್ಜಿದಾರರು ನೋವಿಗೆ ಅತ್ತು, “ಸಾಕ್ ಮಗಾ, ಇದ್ದಷ್ಟೇ ಮಡ್ಚ್ಲಿ” ಎಂದು ನಿಲ್ಲಿಸುತ್ತಿದ್ದರೆಂದು ತಿಳಿದುಬಂದಿದೆ. ಆಗ ಅಪ್ರಾಪ್ತ ವಯಸ್ಸಿನ ಮಗ ಸೂರ ಅವರು ಎದುರಿಗೆ ಕೂತು, ಬಾಯಲ್ಲಿ ತಾಳ ಹೇಳುತ್ತಾ, ಪ್ರತಿ ತಾಳಕ್ಕೆ ತಾವೂ ತಮ್ಮ ನೋಯುವ ಕಾಲನ್ನು ಮಡಚಿ ಚಾಚಿ ತೋರಿಸುತ್ತಾ, ತಾಯಿಯಿಂದ ವ್ಯಾಯಾಮ ಮಾಡಿಸಿರುತ್ತಾರೆ. “ನೀ ನಿಲ್ಸ್ರೆ ನಾನೂ ನಿಲ್ಸ್ತೆ. ಇಬ್ರೂ ಕುಂಟ್ತಾ ಇಪ್ಪ” ಎಂದು ಹೆದರಿಸಿದ್ದಾಗಿಯೂ ವರದಿಯಿದೆ. ಇದರಿಂದ ತಾಯಿಯ ಕಾಲೂ ಮಗನ ಕಾಲೂ ಏಕಕಾಲಕ್ಕೆ ಸುಧಾರಿಸಿದ್ದು, ಮಂಜೂರಾಗದ ಮೊಣಗಂಟು ಸುಧಾರಿಸಿದ್ದಕ್ಕೆ ಸೂರ ಅವರಿಂದ ಸಮಜಾಯಿಷಿ ಕೇಳಲಾಗಿದೆ.

ಅರ್ಜಿದಾರರು ಇನ್ನು ಮುಂದೆ ಕುಕ್ಕುರುಗಾಲಲ್ಲಿ ಕೂರಬಾರದೆಂದು ವೈದ್ಯರು ಹೇಳಿರುವುದರಿಂದ, ಉಪ್ಪುಂದದಲ್ಲಿ ಸೊಸೆ ಸ್ವಾತಿ ಅವರು ಜಗಲಿಯ ಮೇಲೆ ಒಂದು ಕುರ್ಚಿ ಇಟ್ಟಿದ್ದು, ನಾಗು ಅವರು ಕುರ್ಚಿಯಲ್ಲೂ, ಪದ್ದು ಅವರು ಕೆಳಗಿನ ಮೆಟ್ಟಿಲಿನಲ್ಲೂ ಕೂರುವ ವ್ಯವಸ್ಥೆಯನ್ನು ಯಾರ ಪೂರ್ವಾನುಮತಿಯೂ ಇಲ್ಲದೆ ಮಾಡಲಾಗಿದೆ.

12. ಗೋಪ್ಯ. (ಈ ನಿಯಮವನ್ನು ಸಾರ್ವಜನಿಕರು ಓದಬಾರದು.) ಈ ಸಹಿ ಮಾಡಿದ ಅಧಿಕಾರಿಯ ವಯಸ್ಸು ಐವತ್ತೊಂಬತ್ತು. ಕುರ್ಚಿಯಿಂದ ಏಳುವಾಗ ಬರುವ ಸದ್ದನ್ನು ಸಿಬ್ಬಂದಿಯು ಕುರ್ಚಿಯ ಸದ್ದೆಂದು ತಿಳಿಯತಕ್ಕದ್ದು. ಅಧಿಕಾರಿಯು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುವುದು ಮತ್ತು ಸಂಜೆ ಎಲ್ಲರೂ ಹೋದಮೇಲೆ ಹೋಗುವುದು ಕರ್ತವ್ಯನಿಷ್ಠೆಯಿಂದಲೇ ಹೊರತು, ಮೆಟ್ಟಿಲಿನಲ್ಲಿ ಗೋಡೆ ಹಿಡಿದು ಒಂದೊಂದೇ ಕಾಲು ಇಡುವುದನ್ನು ಯಾರೂ ನೋಡದಿರಲೆಂದಲ್ಲ. ನಿಯಮ 1ರ ಪ್ರಕಾರ ಇವರು ಇನ್ನೂ ಚಿಕ್ಕವರು.

13. ಮಣೆಯ ಬಿಡುಗಡೆ. ಕಳೆದ ವಾರ, ಕಚೇರಿ ಸಮಯದಲ್ಲಿ, ಶ್ರೀಮತಿ ನಾಗು ಅವರು ಯಾರ ಸಹಾಯವೂ ಇಲ್ಲದೆ,  ಮೆಟ್ಟಿಲಿನ ಕಂಬಿ ಹಿಡಿದು, ನಡುವೆ ಒಮ್ಮೆ ನಿಂತು ಉಸಿರು ತೆಗೆದುಕೊಂಡು, ಎರಡನೇ ಮಹಡಿಗೆ ಹತ್ತಿ ಬಂದಿರುತ್ತಾರೆ. ಈ ಕಚೇರಿಗೆ ಫಲಾನುಭವಿಯೊಬ್ಬರು ಹತ್ತಿ ಬಂದದ್ದು ಇದೇ ಮೊದಲಾದ್ದರಿಂದ ಅವರನ್ನು ಎಲ್ಲಿ ಕೂರಿಸಬೇಕೆಂಬ ಬಗ್ಗೆ ನಿಯಮವಿರಲಿಲ್ಲ. ಶರ್ಮಿಳಾ ಅವರು ತಮ್ಮ ಕುರ್ಚಿಯನ್ನೇ ಕೊಟ್ಟಿರುತ್ತಾರೆ.

ಬಂದ ಉದ್ದೇಶ ಕೇಳಲಾಗಿ, ರತನ್ ಅವರ ಮಣೆಯನ್ನು ಬಿಟ್ಟುಕೊಡಬೇಕೆಂದು ಕೋರಿದರು. ಅವರಿಗೆ ಈಗ ಮಣೆಯ ಅಗತ್ಯವಿಲ್ಲವೆಂದು ತಿಳಿಸಲಾಯಿತು. “ನಂಗಲ್ಲ. ಆ ಬಸ್ಸಿಗೆ ನಾನ್ ಒಬ್ಳೇ ಹತ್ತುದಾ? ನಿಲ್ದಾಣದಗೆ ಕಾಣಿ ಒಂದ್ಸಲ” ಎಂದು ಅವರು ಉತ್ತರಿಸಿದರು.

ಮಣೆಯನ್ನು ತರಲು ಅಧಿಕಾರಿಯು ಎದ್ದಾಗ ಕುರ್ಚಿಯ ಸದ್ದಾಯಿತು. ಅರ್ಜಿದಾರರು ಆ ಕಡೆ ನೋಡಲಿಲ್ಲ. ಎದುರು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ, ಅಧಿಕಾರಿಯು ಮೇಜು ಹಿಡಿದು, ಕಪಾಟು ಹಿಡಿದು, ಮಣೆ ತಂದು, ಮತ್ತೆ ಕೂರುವವರೆಗೆ ಅದನ್ನೇ ನೋಡುತ್ತಿದ್ದರು. ಅದು ಹೋದ ವರ್ಷದ ಕ್ಯಾಲೆಂಡರ್ ಆಗಿದ್ದು, ನೋಡುವಂಥದ್ದು ಏನೂ ಇರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಲಾಗಿದೆ. ಆಮೇಲೆ ಅವರು ಮಣೆಯನ್ನು ಸೆರಗಿನಲ್ಲಿ ಒರೆಸಿ, “ನೀವೂ ಡಾಕ್ಟ್ರ್ ಹತ್ರ ಹೋಯ್ನಿ ಸಾಹೇಬ್ರೆ. ವಯಸ್ಸ್ ಕೇಂತಿಲ್ಲೆ ಅವ್ರ್, ಕಾಲ್ ಮಾತ್ರ ಕಾಂತ್ರ್” ಎಂದು ಹೇಳಿ, ಮೆಟ್ಟಿಲು ಇಳಿದು ಹೋದರು.

14. ಮೇಲ್ಕಂಡ ನಿಯಮಗಳೆಲ್ಲ ತಕ್ಷಣದಿಂದ ಜಾರಿಗೆ ಬರುತ್ತವೆ. ನಿಯಮ 1ರಲ್ಲಿ ಅರವತ್ತು ಎಂದಿರುವ ಕಡೆ ಐವತ್ತೊಂಬತ್ತು ಎಂದು ಓದಿಕೊಳ್ಳತಕ್ಕದ್ದು. ಈ ತಿದ್ದುಪಡಿಗೆ ಕಾರಣ ಕೇಳಬಾರದು.

(ಸಹಿ, ಕೂತುಕೊಂಡು ಮಾಡಿದ್ದು)
ವಯೋಮಾನ ನಿರ್ಣಯಾಧಿಕಾರಿ
ಎಡ ಮತ್ತು ಬಲ ವಿಭಾಗ
ಕುಂದಾಪುರ

ಪ್ರತಿಗಳು:

1. ಮೂರೂ ತಾಲೂಕುಗಳ ಸೂಚನಾ ಫಲಕಗಳಿಗೆ, ಕೂತವರಿಗೆ ಕಾಣದಷ್ಟು ಎತ್ತರದಲ್ಲಿ ಹಚ್ಚಲು.

2. ಡಾ. ವಿಜೇತಾ, ಮೂಳೆತಜ್ಞೆ. ಮಾಹಿತಿಗಾಗಿ, ಹಾಗೂ ಬರುವ ಸೋಮವಾರ ಬೆಳಿಗ್ಗೆ ಯಾರೂ ಇಲ್ಲದ ಹೊತ್ತಿಗೆ ಒಂದು ಸಮಯ ನೀಡುವಂತೆ ಕೋರಿ. ಹೃದಯವನ್ನೂ ನೋಡಬಹುದು.

3. ಶ್ರೀ ಸೂರ, ಬಾರ್ಕೂರು. ಪೋಷಕರ ಸಹಿಯೊಂದಿಗೆ ಹಿಂದಿರುಗಿಸಲು.

4. ಸಿಬ್ಬಂದಿ ಶರ್ಮಿಳಾ. ಕಟ್ಟೆಯ ಮೇಲೆ ಅರ್ಜಿ ಸ್ವೀಕರಿಸುವಾಗ ಕೊಡೆ ಹಿಡಿದುಕೊಳ್ಳತಕ್ಕದ್ದು.

5. ಕಂಡಕ್ಟರ್ ರತನ್, ಮಣೆಯ ಸಮೇತ. ಸಂಜೆಯ ಕೊನೆಯ ಬಸ್ಸಿಗೆ ಈ ಸಹಿ ಮಾಡಿದ ಅಧಿಕಾರಿಯೂ ಹತ್ತುವುದರಿಂದ, ಮೊದಲು ಮಣೆ ಇಟ್ಟು, ಕೂತದ್ದನ್ನು ಖಚಿತಪಡಿಸಿಕೊಂಡು, ಅನಂತರವೇ ರೈಟ್ ಹೇಳತಕ್ಕದ್ದು. ಪ್ರಯಾಣಿಕರು ಎಂದಿನಂತೆ ಎದುರು ಬದಿಯ ಕಿಟಕಿಯ ಕಡೆ ನೋಡತಕ್ಕದ್ದು.

6. ಶ್ರೀಮತಿ ಪದ್ದು, ಉಪ್ಪುಂದ. ಅಂಚೆಯಲ್ಲಿ ಕಳಿಸಿಲ್ಲ. ಶುಕ್ರವಾರ ನಾಗು ಅವರೇ ತರುತ್ತಾರೆ.